ಆನ್‌ಲೈನ್ ಪೋಕರ್ ಸೈಟಿನ ಲೈಸೆನ್ಸ್: ಯಾವ ದೇಶದ್ದು ಎಷ್ಟು ಗಟ್ಟಿ?

ಯಾವುದೇ ಪೋಕರ್ ಸೈಟು ತೆರೆದು ಮುಖಪುಟದ ತಳಕ್ಕೆ ಹೋಗಿ ನೋಡಿ. ಸಣ್ಣ ಅಕ್ಷರದಲ್ಲಿ ಒಂದು ಲಾಂಛನ, ಪಕ್ಕದಲ್ಲಿ ಒಂದು ಲೈಸೆನ್ಸ್ ನಂಬರ್ ಇರುತ್ತದೆ. ಮಾಲ್ಟಾ, ಐಲ್ ಆಫ್ ಮ್ಯಾನ್, ಕುರಸಾವೊ, ಕಾನಾವಾಕೆ ಹೀಗೆ ಭೂಪಟದಲ್ಲಿ ಹುಡುಕಬೇಕಾದ ಜಾಗಗಳ ಹೆಸರು. ಬಹಳ ಜನ ಅದನ್ನು ಕಂಡ ಕೂಡಲೇ "ಲೈಸೆನ್ಸ್ ಇದೆಯಲ್ಲ, ಸಾಕು" ಅಂದುಕೊಂಡು ದುಡ್ಡು ಹಾಕಿಬಿಡುತ್ತಾರೆ. ಆದರೆ ಆ ನಂಬರ್ ಪಡೆಯಲು ಕಂಪನಿ ಏನೇನು ಸಾಬೀತು ಮಾಡಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಒಂದು ಕಡೆ ಮಾಲೀಕನ ಹಳೆಯ ವ್ಯವಹಾರವನ್ನೆಲ್ಲ ಜಾಲಾಡುತ್ತಾರೆ. ಇನ್ನೊಂದು ಕಡೆ ಸರ್ಕಾರ ಕಂಪನಿಯ ಮುಖವನ್ನೂ ನೋಡದೆ ಲೈಸೆನ್ಸ್ ಕೈಗೆ ಸಿಗುತ್ತಿತ್ತು.

ಲಂಡನ್, ಟೊರಾಂಟೊ, ನ್ಯೂಜೆರ್ಸಿ, ಮ್ಯೂನಿಕ್ ಕಡೆ ಇರುವ ಕನ್ನಡಿಗರಿಗೂ ಈ ಪ್ರಶ್ನೆ ಬರುತ್ತದೆ: ಯಾವ ಲೈಸೆನ್ಸ್ ನಂಬಬೇಕು? ನಾನು ಹೋಲಿಸುವ ಕ್ರಮ ಹೀಗೆ. ನೀವು ಕೂತಿರುವ ಜಾಗದ ಕಾನೂನು ಆ ಲೈಸೆನ್ಸನ್ನು ಒಪ್ಪುತ್ತದಾ ಅನ್ನುವುದು ಮೊದಲು. ಕಂಪನಿ ಮುಳುಗಿದರೆ ನಿಮ್ಮ ದುಡ್ಡು ಎಲ್ಲಿರುತ್ತದೆ ಅನ್ನುವುದು ಎರಡನೆಯದು. ಜಗಳ ಬಂದರೆ ಕೇಳುವವರು ಯಾರು ಅನ್ನುವುದು ಮೂರನೆಯದು. ಬೋನಸ್ಸು, ಟೇಬಲ್ಲುಗಳ ಸಂಖ್ಯೆ, ಸಾಫ್ಟ್‌ವೇರಿನ ಅಂದಚೆಂದ ಎಲ್ಲ ಆಮೇಲೆ.

ಕರ್ನಾಟಕದಲ್ಲಿ ಕೂತು ಓದುತ್ತಿದ್ದರೆ

ನೇರವಾಗಿ ಹೇಳಿಬಿಡುತ್ತೇನೆ. ಇಲ್ಲಿ ಕೂತವರಿಗೆ ಆರಿಸಿಕೊಳ್ಳಲು ಯಾವ ಲೈಸೆನ್ಸೂ ಉಳಿದಿಲ್ಲ.

ಹಿಂದೆ ಹಾಗಿರಲಿಲ್ಲ. 1867ರ ಸಾರ್ವಜನಿಕ ಜೂಜು ಕಾಯ್ದೆಯ ಕಾಲದಿಂದಲೂ ಕೌಶಲದ ಆಟಕ್ಕೆ ವಿನಾಯಿತಿ ಇತ್ತು. ಪೋಕರ್ ಕೌಶಲವೋ ಅದೃಷ್ಟವೋ ಅನ್ನುವುದೇ ಜಗಳ. 2013ರಲ್ಲಿ ಕರ್ನಾಟಕ ಹೈಕೋರ್ಟು ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಅಂದಿತು. 2017ರಲ್ಲಿ ಗುಜರಾತ್ ಹೈಕೋರ್ಟು ಪೋಕರ್ ಅದೃಷ್ಟದ ಆಟ ಅಂದಿತು. ಒಂದೇ ಆಟ, ಒಂದೇ ಇಸ್ಪೀಟು ಕಟ್ಟು, ಎರಡು ರಾಜ್ಯದಲ್ಲಿ ಎರಡು ನ್ಯಾಯ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಇತ್ತ ನಾಗಾಲ್ಯಾಂಡ್ ಕೌಶಲದ ಆನ್‌ಲೈನ್ ಆಟಗಳಿಗೆಂದೇ ಕಾನೂನು ಮಾಡಿ, ಪಟ್ಟಿಯಲ್ಲಿ ಪೋಕರನ್ನೂ ಸೇರಿಸಿ, ಲೈಸೆನ್ಸ್ ಕೊಡಲು ಶುರುಮಾಡಿತ್ತು. ಭಾರತದ ಪೋಕರ್ ಕಂಪನಿಗಳು ಕೆಲವು ವರ್ಷ ಅದನ್ನೇ ತೋರಿಸುತ್ತಿದ್ದವು.

2025ರ ಆಗಸ್ಟಿನಲ್ಲಿ ಇದೆಲ್ಲ ತಲೆಕೆಳಗಾಯಿತು. ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ, ಅದಕ್ಕೆ ಎಲ್ಲವೂ ಒಂದೇ. ಅಂಥ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷ. ದುಡ್ಡು ಸಾಗಿಸುವ ಬ್ಯಾಂಕು, ಆ್ಯಪ್‌ಗಳಿಗೂ ಶಿಕ್ಷೆ ಇದೆ. ಹೊರದೇಶದಿಂದ ಭಾರತದವರಿಗೆ ಆಟ ಕೊಡುವ ಸೈಟಿಗೂ ಇದು ಅನ್ವಯಿಸುತ್ತದೆ. ಬರೀ ಆಡುವವನನ್ನು ಈ ಕಾನೂನು ಶಿಕ್ಷಿಸುವುದಿಲ್ಲ. ಅಂಕಿತ ಬಿದ್ದ ಹೊತ್ತಿಗೇ ಇಲ್ಲಿನ ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಟೇಬಲ್ ಮುಚ್ಚಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋದ ಅರ್ಜಿ ಉಳಿದವುಗಳ ಜೊತೆ ಸುಪ್ರೀಂ ಕೋರ್ಟಿಗೆ ವರ್ಗವಾಯಿತು.

ಹಾಗಾಗಿ ಯಾರಾದರೂ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿ "ಇದು ವಿದೇಶಿ ಲೈಸೆನ್ಸ್ ಇರುವ ಸೈಟು, ಭಾರತದಲ್ಲೂ ನಡೆಯುತ್ತೆ" ಅಂದರೆ ನಂಬಬೇಡಿ. ಮಾಲ್ಟಾದ ಲೈಸೆನ್ಸಿಗಾಗಲಿ ಕುರಸಾವೊದ ಲೈಸೆನ್ಸಿಗಾಗಲಿ ಬೆಂಗಳೂರಿನಲ್ಲಿ ಬೆಲೆ ಇಲ್ಲ. ದುಡ್ಡು ಸಿಕ್ಕಿಹಾಕಿಕೊಂಡರೆ ನೀವು ಹೋಗಿ ಕೇಳುವ ಕಚೇರಿ ಇಲ್ಲಿ ಒಂದೂ ಇಲ್ಲ. ಮುಂದಿನದನ್ನು ಹೊರದೇಶದಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ. ಈ ಉದ್ಯಮದಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೂ ಇದು ಉಪಯೋಗಕ್ಕೆ ಬರಬಹುದು.

ಆಟಗಾರರ ದುಡ್ಡು ಯಾರ ಖಾತೆಯಲ್ಲಿ?

ಪೋಕರಿನಲ್ಲಿ ಸೈಟು ನಿಮ್ಮ ವಿರುದ್ಧ ಆಡುವುದಿಲ್ಲ. ಆಟಗಾರರು ತಮ್ಮ ತಮ್ಮಲ್ಲೇ ಆಡುತ್ತಾರೆ, ಸೈಟು ಪ್ರತಿ ಪಾಟ್‌ನಿಂದ, ಅಂದರೆ ಆಟಗಾರರು ಪಣವಾಗಿ ಮಧ್ಯದಲ್ಲಿ ಒಟ್ಟುಹಾಕಿದ ದುಡ್ಡಿನಿಂದ, ರೇಕ್ ಅಂತ ಒಂದು ಪಾಲು ಇಟ್ಟುಕೊಳ್ಳುತ್ತದೆ. ಹಾಗಾಗಿ ಸೈಟಿಗೆ ಸೋಲಿಲ್ಲ. ಮಾಲ್ಟಾದ ನಿಯಮದಲ್ಲೇ ಇದು ಕಾಣುತ್ತದೆ. ಸ್ಲಾಟ್, ರೂಲೆಟ್‌ನಂಥ ಕ್ಯಾಸಿನೊ ಆಟಗಳಿಗೆ ಕಂಪನಿ ಕನಿಷ್ಠ 1,00,000 ಯೂರೊ ಷೇರು ಬಂಡವಾಳ ತೋರಿಸಬೇಕು. ಪೋಕರ್ ಸೇರುವ ಮೂರನೇ ವರ್ಗಕ್ಕೆ 40,000 ಯೂರೊ ಸಾಕು. ಕಂಪನಿಯ ಅಪಾಯ ಕಡಿಮೆ ಅನ್ನುವ ಲೆಕ್ಕ.

ಆದರೆ ಆಟಗಾರನ ಅಪಾಯ ಬೇರೆ ಕಡೆ ಇದೆ. ಪೋಕರ್ ಆಡುವವರು ದುಡ್ಡನ್ನು ದಿನಗಟ್ಟಲೆ, ತಿಂಗಳುಗಟ್ಟಲೆ ಖಾತೆಯಲ್ಲೇ ಬಿಟ್ಟಿರುತ್ತಾರೆ. ಸಾವಿರಾರು ಜನರ ಆ ದುಡ್ಡು ಒಟ್ಟಾದರೆ ದೊಡ್ಡ ಗಂಟು. ಕಂಪನಿ ಅದನ್ನು ತನ್ನ ಖರ್ಚಿಗೆ ಬಳಸಿಕೊಂಡರೆ?

ಹಾಗೆ ನಡೆದೂ ಇದೆ. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆ್ಯಬ್ಸಲೂಟ್ ಪೋಕರ್ ಸೈಟುಗಳ ಮೇಲೆ ಕೇಸು ಹಾಕಿ ಡೊಮೇನ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಪೋಕರ್ ಜನ ಇದನ್ನು ಬ್ಲ್ಯಾಕ್ ಫ್ರೈಡೇ ಅನ್ನುತ್ತಾರೆ. ಪೋಕರ್‌ಸ್ಟಾರ್ಸ್ ಕೈಯಲ್ಲಿ ಐಲ್ ಆಫ್ ಮ್ಯಾನ್ ಲೈಸೆನ್ಸ್ ಇತ್ತು. ಅದು ಅದೇ ತಿಂಗಳ ಕೊನೆಗೆ ಅಮೆರಿಕದ ಆಟಗಾರರಿಗೆ ದುಡ್ಡು ವಾಪಸ್ ಕೊಡಲು ಶುರುಮಾಡಿತು. ಫುಲ್ ಟಿಲ್ಟ್ ಕೈಯಲ್ಲಿ ಆಲ್ಡರ್ನಿ ಅನ್ನುವ ಪುಟ್ಟ ದ್ವೀಪದ ಲೈಸೆನ್ಸ್ ಇತ್ತು. ಅದರಿಂದ ದುಡ್ಡು ಬರಲೇ ಇಲ್ಲ. ನ್ಯಾಯ ಇಲಾಖೆ ಹೇಳಿದ ಪ್ರಕಾರ ಅದು ಜಗತ್ತಿನ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಿತ್ತು. ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಆಲ್ಡರ್ನಿ ಜೂನ್ ಕೊನೆಯಲ್ಲಿ ಲೈಸೆನ್ಸನ್ನು ಅಮಾನತು ಮಾಡಿತು, ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಅಷ್ಟರಲ್ಲಿ ದುಡ್ಡು ಹೋಗಿಯಾಗಿತ್ತು. 2012ರಲ್ಲಿ ಪೋಕರ್‌ಸ್ಟಾರ್ಸ್ ಸರ್ಕಾರದ ಜೊತೆ 73.1 ಕೋಟಿ ಡಾಲರಿನ ರಾಜಿ ಮಾಡಿಕೊಂಡು ಫುಲ್ ಟಿಲ್ಟ್ ಆಸ್ತಿಯನ್ನೂ ತೆಗೆದುಕೊಂಡಿದ್ದರಿಂದ ಜನರಿಗೆ ದಾರಿ ಸಿಕ್ಕಿತು. ಅಮೆರಿಕದವರಿಗೆ ದುಡ್ಡು ಬರಲು ಶುರುವಾದದ್ದು 2014ರಲ್ಲಿ.

ಎರಡೂ ಲೈಸೆನ್ಸ್ ಇದ್ದ ಕಂಪನಿಗಳೇ. ಎರಡೂ ದ್ವೀಪಗಳು ಬ್ರಿಟನ್ನಿನ ಅಕ್ಕಪಕ್ಕದವೇ. ಫಲ ಮಾತ್ರ ಆಕಾಶ ಭೂಮಿಯಷ್ಟು ಬೇರೆ. ಆದ್ದರಿಂದಲೇ ನೀವಿರುವ ಜಾಗದ ಕಾನೂನು ಒಪ್ಪುತ್ತದಾ ಅಂತ ನೋಡಿಯಾದ ಮೇಲೆ ನಾನು ಮೊದಲು ಕೈ ಇಡುವುದು ದುಡ್ಡಿನ ಮೇಲೆ.

ಐಲ್ ಆಫ್ ಮ್ಯಾನ್, ಮಾಲ್ಟಾ, ಬ್ರಿಟನ್

ಐಲ್ ಆಫ್ ಮ್ಯಾನ್ 2001ರಲ್ಲೇ ಆನ್‌ಲೈನ್ ಜೂಜಿಗೆ ಕಾನೂನು ಮಾಡಿತು. ಲೈಸೆನ್ಸ್ ಬೇಕಾದರೆ ದ್ವೀಪದಲ್ಲೇ ಕಂಪನಿ ನೋಂದಾಯಿಸಬೇಕು, ಅಲ್ಲೇ ವಾಸವಿರುವ ಜವಾಬ್ದಾರರು ಇರಬೇಕು. ಕಂಪನಿಯ ನಿಜವಾದ ಒಡೆಯರು ಯಾರು ಅನ್ನುವುದನ್ನು ತೋರಿಸಬೇಕು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆಟಗಾರರ ದುಡ್ಡಿನ ರಕ್ಷಣೆ. ಅದು ಅಲ್ಲಿ ಲೈಸೆನ್ಸಿನ ಷರತ್ತೇ ಆಗಿದೆ. ಕಂಪನಿಯ ಖರ್ಚಿನ ಖಾತೆಯಲ್ಲಿ ಅದು ಬೆರೆಯುವಂತಿಲ್ಲ.

ಮಾಲ್ಟಾದ್ದು ಬೇರೆ ರೀತಿ. 2018ರ ಗೇಮಿಂಗ್ ಕಾಯ್ದೆಯ ಪ್ರಕಾರ ಆಟಗಳಿಗೆ ನಾಲ್ಕು ವರ್ಗ. ಪೋಕರಿನಂತೆ ಆಟಗಾರರ ನಡುವೆ ನಡೆಯುವ, ಸೈಟು ಕಮಿಷನ್ ತೆಗೆದುಕೊಳ್ಳುವ ಆಟಗಳು ಮೂರನೇ ವರ್ಗಕ್ಕೆ ಸೇರುತ್ತವೆ. ಲೈಸೆನ್ಸಿನ ಅವಧಿ 10 ವರ್ಷ. ಈ ವರ್ಗಕ್ಕೆ ವರ್ಷಕ್ಕೆ 25,000 ಯೂರೊ ನಿಗದಿತ ಶುಲ್ಕ, ಅದರ ಮೇಲೆ ಆದಾಯಕ್ಕೆ ತಕ್ಕ ಪಾಲು. ಮಾಲೀಕರ ಹಿನ್ನೆಲೆ, ಬಂಡವಾಳದ ಮೂಲ, ವ್ಯಾಪಾರದ ಯೋಜನೆ, ಸಾಫ್ಟ್‌ವೇರ್ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಇಸ್ಪೀಟು ಕಲೆಸುವ ಪ್ರೋಗ್ರಾಮು ನಿಜವಾಗಿಯೂ ಯಾದೃಚ್ಛಿಕವಾಗಿ ಎಲೆ ಬೀಳಿಸುತ್ತದಾ ಅನ್ನುವುದಕ್ಕೆ ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ ಬೇಕು. ಆಟಗಾರರ ದುಡ್ಡು ಇಲ್ಲೂ ಬೇರೆ ಖಾತೆಯಲ್ಲಿರಬೇಕು.

ಆದರೆ ಮಾಲ್ಟಾ ಲೈಸೆನ್ಸಿಗೆ ಒಂದು ಮಿತಿ ಇದೆ, ಯುರೋಪಿನಲ್ಲಿರುವವರು ಇದನ್ನು ತಿಳಿದಿರಲೇಬೇಕು. ಮಾಲ್ಟಾ ಯುರೋಪಿಯನ್ ಒಕ್ಕೂಟದ ದೇಶವಾದರೂ ಅದರ ಲೈಸೆನ್ಸ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಓಡುವುದಿಲ್ಲ. ನೆದರ್ಲೆಂಡ್ಸ್ 2021ರ ಅಕ್ಟೋಬರಿನಲ್ಲಿ ತನ್ನದೇ ಲೈಸೆನ್ಸ್ ವ್ಯವಸ್ಥೆ ಶುರುಮಾಡಿತು. ಜರ್ಮನಿಯಲ್ಲಿ 2021ರ ಜುಲೈಯಿಂದ ಅಲ್ಲಿನದೇ ಲೈಸೆನ್ಸ್ ಬೇಕು. ಅಲ್ಲಿ ಎಲ್ಲ ಸೈಟುಗಳನ್ನೂ ಸೇರಿಸಿ ಒಬ್ಬರು ತಿಂಗಳಿಗೆ ಹಾಕಬಹುದಾದ ದುಡ್ಡಿಗೆ ಸಾಮಾನ್ಯವಾಗಿ 1,000 ಯೂರೊ ಮಿತಿ ಇದೆ. ಮ್ಯೂನಿಕ್‌ನಲ್ಲಿ ಕೂತು ಮಾಲ್ಟಾ ಲೈಸೆನ್ಸಿನ ಸೈಟಿನಲ್ಲಿ ಆಡಿದರೆ ಅಲ್ಲಿನ ಕಾನೂನಿನ ನೆರಳು ನಿಮಗೆ ಸಿಗುವುದಿಲ್ಲ. ಇನ್ನೂ ಒಂದು ವಿಷಯ. ಜರ್ಮನಿ, ಆಸ್ಟ್ರಿಯಾದಲ್ಲಿ ಆಟಗಾರರು ಕೋರ್ಟಿಗೆ ಹೋಗಿ ಕಳೆದ ದುಡ್ಡನ್ನು ವಾಪಸ್ ಕೇಳಿ ಗೆದ್ದರು. ಆಗ ಮಾಲ್ಟಾ 2023ರಲ್ಲಿ ತನ್ನ ಕಾಯ್ದೆಗೆ ಒಂದು ಕಲಮು ಸೇರಿಸಿ, ತನ್ನ ಲೈಸೆನ್ಸ್‌ದಾರರ ವಿರುದ್ಧದ ಅಂಥ ಹೊರದೇಶದ ತೀರ್ಪುಗಳನ್ನು ತನ್ನ ಕೋರ್ಟುಗಳು ಜಾರಿ ಮಾಡದಂತೆ ನೋಡಿಕೊಂಡಿತು. ಲೈಸೆನ್ಸ್ ಕೊಟ್ಟವರು ಕಷ್ಟಕಾಲದಲ್ಲಿ ಯಾರ ಪಕ್ಕ ನಿಲ್ಲುತ್ತಾರೆ ಅನ್ನುವುದೂ ಹೋಲಿಕೆಯಲ್ಲಿ ಸೇರಬೇಕು, ಅಲ್ವಾ?

ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ನನ್ನು ಅತ್ಯಂತ ಕಟ್ಟುನಿಟ್ಟು ಅನ್ನುವವರು ಜಾಸ್ತಿ. ಬಹುಮಟ್ಟಿಗೆ ಸರಿಯೇ. 2014ರ ನವೆಂಬರಿನಿಂದ ಬ್ರಿಟನ್ನಿನವರಿಗೆ ಆಟ ಕೊಡುವ ಯಾವ ಸೈಟಿಗಾದರೂ, ಅದು ಯಾವ ದೇಶದಲ್ಲೇ ಇರಲಿ, ಬ್ರಿಟಿಷ್ ಲೈಸೆನ್ಸ್ ಬೇಕು. ಅರ್ಜಿದಾರರ ಗುರುತು, ಒಡೆತನ, ಹಣಕಾಸು, ಪ್ರಾಮಾಣಿಕತೆ, ಸಾಮರ್ಥ್ಯ, ಅಪರಾಧದ ಹಿನ್ನೆಲೆ ಎಲ್ಲ ನೋಡುತ್ತಾರೆ. ಕಂಪನಿಗೆ ಮಾತ್ರವಲ್ಲ, ಮುಖ್ಯ ಹುದ್ದೆಯಲ್ಲಿರುವ ವ್ಯಕ್ತಿಗಳಿಗೂ ಬೇರೆ ಲೈಸೆನ್ಸ್ ಬೇಕು. 2020ರ ಏಪ್ರಿಲಿನಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ಗ್ಯಾಮ್‌ಸ್ಟಾಪ್ ಅನ್ನುವ ವ್ಯವಸ್ಥೆ ಇದೆ. ಅದರಲ್ಲಿ ಒಮ್ಮೆ ಹೆಸರು ಬರೆಸಿದರೆ ಬ್ರಿಟಿಷ್ ಲೈಸೆನ್ಸಿನ ಎಲ್ಲ ಸೈಟುಗಳೂ ನಿಮ್ಮನ್ನು ಹೊರಗಿಡಬೇಕು. ಚಟ ಹತ್ತಿದವರ ಮನೆಯವರಿಗೆ ಇದು ದೊಡ್ಡ ಆಸರೆ. "ನಾವು ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲ" ಅಂತ ಹೆಮ್ಮೆಯಿಂದ ಜಾಹೀರಾತು ಕೊಡುವ ಸೈಟುಗಳಿವೆ. ಅವುಗಳಿಂದ ದೂರ ಓಡಿ. ಅದರ ಅರ್ಥ ಅವರಿಗೆ ಬ್ರಿಟಿಷ್ ಲೈಸೆನ್ಸ್ ಇಲ್ಲ ಅಂತಲೇ.

ಇಷ್ಟೆಲ್ಲ ಇದ್ದರೂ ಬ್ರಿಟನ್ನಿನಲ್ಲಿ ಒಂದು ಕಡೆ ಎಡವುವ ಸಾಧ್ಯತೆ ಇದೆ. ಕಂಪನಿ ದಿವಾಳಿಯಾದರೆ ಆಟಗಾರರ ದುಡ್ಡು ಉಳಿಯಲೇಬೇಕು ಅಂತ ಲೈಸೆನ್ಸ್ ಹೇಳುವುದಿಲ್ಲ. ನಿಮ್ಮ ದುಡ್ಡಿಗೆ ರಕ್ಷಣೆ ಇಲ್ಲವೋ, ಮಧ್ಯಮ ಮಟ್ಟದ್ದೋ, ಹೆಚ್ಚಿನ ಮಟ್ಟದ್ದೋ ಅಂತ ಸೈಟು ಬಾಯಿಬಿಟ್ಟು ಹೇಳಬೇಕು, ಅಷ್ಟೇ. "ರಕ್ಷಣೆ ಇಲ್ಲ" ಅಂತ ಬರೆದುಕೊಂಡೂ ಲೈಸೆನ್ಸ್ ಇಟ್ಟುಕೊಳ್ಳಬಹುದು. ಆ ಸಾಲು ನಿಯಮಗಳ ಪುಟದಲ್ಲಿ ಇರುತ್ತದೆ, ದಯವಿಟ್ಟು ಓದಿ. ಬ್ರಿಟನ್ನಿನಲ್ಲಿ ಇರುವವರು ಬ್ರಿಟಿಷ್ ಲೈಸೆನ್ಸಿನ ಸೈಟುಗಳ ಪೈಕಿಯೇ "ಹೆಚ್ಚಿನ ರಕ್ಷಣೆ" ಅಂತ ಬರೆದದ್ದನ್ನು ಆರಿಸಿಕೊಳ್ಳಿ. ನನ್ನ ಮಟ್ಟಿಗೆ ಅಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಕುರಸಾವೊ ಮತ್ತು ಕಾನಾವಾಕೆ

ಕುರಸಾವೊ ಕೆರಿಬಿಯನ್ ಸಮುದ್ರದ ಡಚ್ ದ್ವೀಪ. ಅಲ್ಲಿ ಬಹಳ ವರ್ಷ ನಾಲ್ಕು ಕಂಪನಿಗಳ ಕೈಯಲ್ಲಿ ಮೂಲ ಲೈಸೆನ್ಸ್ ಇತ್ತು. ಅವು ತಮ್ಮ ಕೆಳಗೆ ಬೇಕಾದವರಿಗೆ ಉಪ ಲೈಸೆನ್ಸ್ ಹಂಚುತ್ತಿದ್ದವು. ಉಪ ಲೈಸೆನ್ಸ್ ಪಡೆದ ಸೈಟನ್ನು ಸರ್ಕಾರ ನೇರವಾಗಿ ತೂಗಿ ನೋಡುತ್ತಿರಲಿಲ್ಲ. ಆಟಗಾರ ದೂರು ಕೊಟ್ಟರೆ ಲೈಸೆನ್ಸ್ ಮಾರಿದ ಕಂಪನಿಯನ್ನೇ ಕೇಳಬೇಕಿತ್ತು. ಅರ್ಹತೆಯ ಪರೀಕ್ಷೆ ಅನ್ನುವುದು ಅಲ್ಲಿ ಹೆಸರಿಗೆ ಮಾತ್ರ ಇತ್ತು ಅಂದರೆ ತಪ್ಪಲ್ಲ.

2024ರ ಡಿಸೆಂಬರಿನಲ್ಲಿ ಹೊಸ ಕಾನೂನು ಜಾರಿಗೆ ಬಂತು. ಈಗ ಕುರಸಾವೊ ಗೇಮಿಂಗ್ ಪ್ರಾಧಿಕಾರ ನೇರವಾಗಿ ಲೈಸೆನ್ಸ್ ಕೊಡುತ್ತದೆ. ಒಡೆಯರ ತಪಾಸಣೆ, ಅಕ್ರಮ ಹಣದ ತಡೆ, ದೂರುಗಳಿಗೆ ಹೊರಗಿನ ಮಧ್ಯಸ್ಥರು ಎಲ್ಲ ಕಾಗದದ ಮೇಲೆ ಬಂದಿವೆ. ಒಳ್ಳೆಯ ಹೆಜ್ಜೆ, ಒಪ್ಪುತ್ತೇನೆ. ಆದರೂ ನನ್ನ ದುಡ್ಡನ್ನು ಅದರ ಭರವಸೆಯಲ್ಲಿ ಇಡುವುದಿಲ್ಲ. ಹೊಸ ನಿಯಮ ದೊಡ್ಡ ಕಂಪನಿಯೊಂದರ ಕುತ್ತಿಗೆಗೆ ಬಂದಾಗ ಹೇಗೆ ನಡೆಯುತ್ತದೆ ಅನ್ನುವುದನ್ನು ನೋಡಿದ ಮೇಲೆ ನಂಬಿಕೆ ಇಡಬಹುದು.

ಕಾನಾವಾಕೆ ಕೆನಡಾದ ಮಾಂಟ್ರಿಯಲ್ ಪಕ್ಕದ ಮೊಹಾಕ್ ಜನರ ಪ್ರದೇಶ. ಅವರ ಗೇಮಿಂಗ್ ಕಮಿಷನ್ 1996ರಿಂದ ಇದೆ. ಇಲ್ಲಿನ ಲೈಸೆನ್ಸ್ ಇದ್ದ ಆ್ಯಬ್ಸಲೂಟ್ ಪೋಕರ್ ಮತ್ತು ಅಲ್ಟಿಮೇಟ್‌ಬೆಟ್ ಸೈಟುಗಳಲ್ಲಿ ಕೆಲವು ಖಾತೆಗಳಿಗೆ ಎದುರಾಳಿಗಳ ಮುಚ್ಚಿದ ಎಲೆ ಕಾಣುತ್ತಿತ್ತು. 2007-08ರಲ್ಲಿ ಇದನ್ನು ಹೊರಗೆಳೆದವರು ಕಮಿಷನ್ನಿನವರಲ್ಲ, ಆಟಗಾರರೇ. ಆಡಿದ ಕೈಗಳ ದಾಖಲೆಗಳನ್ನು ಕೂತು ಲೆಕ್ಕ ಹಾಕಿ, ಇಷ್ಟು ಗೆಲ್ಲುವುದು ಮನುಷ್ಯರಿಂದ ಸಾಧ್ಯವಿಲ್ಲ ಅಂತ ತೋರಿಸಿದರು. ಅವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಕಮಿಷನ್ ಆ್ಯಬ್ಸಲೂಟ್ ಪೋಕರ್‌ಗೆ 5 ಲಕ್ಷ ಡಾಲರ್, ಅಲ್ಟಿಮೇಟ್‌ಬೆಟ್‌ಗೆ 15 ಲಕ್ಷ ಡಾಲರ್ ದಂಡ ಹಾಕಿತು, ವಂಚನೆಯ ದುಡ್ಡನ್ನು ವಾಪಸ್ ಕೊಡಿಸಿತು. ಲೈಸೆನ್ಸ್ ಮಾತ್ರ ಕಿತ್ತುಕೊಳ್ಳಲಿಲ್ಲ. ಸಾಫ್ಟ್‌ವೇರಿನ ಒಳಗೆ ಯಾರಿಗೆ ಪ್ರವೇಶವಿದೆ ಅನ್ನುವ ತಪಾಸಣೆ ಲೈಸೆನ್ಸ್ ಕೊಡುವ ಮುಂಚೆಯೇ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಅಮೆರಿಕ, ಒಂಟಾರಿಯೊ: ಹಳೆಯ ತಪ್ಪಿಗೆ ಬೆಲೆ

ಅಮೆರಿಕದಲ್ಲಿ ಲೈಸೆನ್ಸ್ ರಾಜ್ಯದ ವಿಷಯ. ನೆವಾಡಾದಲ್ಲಿ 2013ರ ಏಪ್ರಿಲ್ 30ರಂದು ಮೊದಲ ಕಾನೂನುಬದ್ಧ ಪೋಕರ್ ಸೈಟು ಶುರುವಾಯಿತು. ಅಲ್ಲಿನ ಕಾನೂನು ಹಿಂದಿನ ಚರಿತ್ರೆಯನ್ನೇ ಅರ್ಹತೆಯ ಅಳತೆ ಮಾಡಿಕೊಂಡಿತು. 2006ರಲ್ಲಿ ಆನ್‌ಲೈನ್ ಜೂಜಿಗೆ ದುಡ್ಡು ಸಾಗಿಸುವುದನ್ನು ತಡೆಯುವ ಅಮೆರಿಕದ ಕೇಂದ್ರ ಕಾನೂನು ಬಂದ ಮೇಲೂ, ಅಂದರೆ ಆ ವರ್ಷದ ಡಿಸೆಂಬರ್ 31ರ ನಂತರವೂ ಅಮೆರಿಕದವರನ್ನು ಆಡಿಸಿದ ಕಂಪನಿಗೆ 5 ವರ್ಷ ಬಾಗಿಲು ಮುಚ್ಚಿತು. ನ್ಯೂಜೆರ್ಸಿಯಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಜೊತೆ ಸೇರಿಕೊಂಡರೆ ಮಾತ್ರ ಸೈಟು ನಡೆಸಬಹುದು. ಪೋಕರ್‌ಸ್ಟಾರ್ಸ್ ಅರ್ಜಿಯನ್ನು ಅಲ್ಲಿನ ಜಾರಿ ವಿಭಾಗ 2013ರ ಡಿಸೆಂಬರಿನಲ್ಲಿ ತಡೆಹಿಡಿಯಿತು. 2014ರಲ್ಲಿ ಕೆನಡಾದ ಅಮಾಯಾ ಕಂಪನಿ ಅದನ್ನು ಕೊಂಡು ಒಡೆತನ ಬದಲಾದ ಮೇಲಷ್ಟೇ ಒಪ್ಪಿಗೆ ಸಿಕ್ಕಿತು. ಸೈಟು ಬಾಗಿಲು ತೆರೆದದ್ದು 2016ರ ಮಾರ್ಚಿನಲ್ಲಿ.

ಆಡುವವರಿಗೆ ಇಲ್ಲಿನ ಕೊರತೆ ಅಂದರೆ ಜನಸಂಖ್ಯೆ. ರಾಜ್ಯದೊಳಗಿನವರ ಜೊತೆ ಮಾತ್ರ ಆಡಬೇಕಾದರೆ ಟೇಬಲ್ ತುಂಬುವುದೇ ಇಲ್ಲ. ಅದಕ್ಕೇ ಕೆಲವು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ. ನೆವಾಡಾ, ಡೆಲಾವೇರ್, ನ್ಯೂಜೆರ್ಸಿ, ಮಿಷಿಗನ್, ವೆಸ್ಟ್ ವರ್ಜಿನಿಯಾ ಇದ್ದವು, 2025ರಲ್ಲಿ ಪೆನ್ಸಿಲ್ವೇನಿಯಾವೂ ಸೇರಿತು. ವಯಸ್ಸು 21 ಆಗಿರಬೇಕು.

ನಮ್ಮವರು ಬಹಳ ಇರುವ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಆನ್‌ಲೈನ್ ಪೋಕರ್ ಇಲ್ಲ. ಸ್ವೀಪ್‌ಸ್ಟೇಕ್ಸ್ ಅಂತ ಹೆಸರಿಟ್ಟು, ನಾಣ್ಯ ಮಾರಿ, ಬಹುಮಾನದ ರೂಪದಲ್ಲಿ ದುಡ್ಡು ಕೊಡುವ ಸೈಟುಗಳು ಅಲ್ಲಿ ಓಡುತ್ತಿದ್ದವು. ಅವಕ್ಕೆ ಜೂಜಿನ ಲೈಸೆನ್ಸೇ ಇರಲಿಲ್ಲ. 2025ರಲ್ಲಿ ಕಾನೂನು ಮಾಡಿ 2026ರ ಜನವರಿ 1ರಿಂದ ಅವನ್ನೂ ನಿಷೇಧಿಸಿದ್ದಾರೆ. ಸಾನ್ ಹೋಸೆಯಲ್ಲಿ ಕೂತವರಿಗೆ ಕಾನೂನಿನೊಳಗೆ ಉಳಿದಿರುವುದು ಕಾರ್ಡ್ ರೂಮಿಗೆ ಹೋಗಿ ಎದುರಾಎದುರು ಆಡುವುದು.

ಕೆನಡಾದ ಒಂಟಾರಿಯೊ ನೆವಾಡಾಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿಯಿತು. 2022ರ ಏಪ್ರಿಲ್ 4ರಂದು ಮಾರುಕಟ್ಟೆ ತೆರೆದು, ಲೈಸೆನ್ಸ್ ಇಲ್ಲದೆ ಓಡುತ್ತಿದ್ದ ಸೈಟುಗಳಿಗೂ ಒಳಗೆ ಬನ್ನಿ ಅಂದಿತು. ಅಕ್ಟೋಬರ್ 31ರೊಳಗೆ ಹಳೆಯ ವ್ಯವಹಾರ ನಿಲ್ಲಿಸಬೇಕು ಅನ್ನುವುದು ಷರತ್ತು. ಒಂದೊಂದು ಸೈಟಿಗೆ ವರ್ಷಕ್ಕೆ 1,00,000 ಕೆನಡಾ ಡಾಲರ್ ಶುಲ್ಕ. ನನಗೆ ಒಂಟಾರಿಯೊದ ದಾರಿಯೇ ವಾಸಿ ಅನ್ನಿಸುತ್ತದೆ. ಜನ ಹೇಗಿದ್ದರೂ ಆಡುತ್ತಾರೆ, ಆಡುವ ಜಾಗ ನಿಯಮದೊಳಗೆ ಬಂದರೆ ದೂರು ಕೊಡಲು ಒಂದು ಕಿಟಕಿಯಾದರೂ ಇರುತ್ತದೆ. ಟೊರಾಂಟೊದವರು ಒಂಟಾರಿಯೊ ನೋಂದಣಿ ಇರುವ ಸೈಟು ಬಿಟ್ಟು ಬೇರೆ ಹುಡುಕಬೇಕಿಲ್ಲ.

ನಂಬರ್ ನಿಜವೋ ಸುಳ್ಳೋ ನೋಡುವುದು ಹೇಗೆ

ಸೈಟಿನ ತಳದಲ್ಲಿರುವ ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಅದರ ಮೇಲೆ ಒತ್ತಿ ತೆರೆದುಕೊಳ್ಳುವ ಪುಟವನ್ನೂ ನಂಬಬೇಡಿ, ಅದು ನಕಲಿ ಪುಟ ಇರಬಹುದು. ಬ್ರಿಟನ್, ಮಾಲ್ಟಾ, ಐಲ್ ಆಫ್ ಮ್ಯಾನ್, ಒಂಟಾರಿಯೊ ಎಲ್ಲದರ ನಿಯಂತ್ರಕರೂ ಲೈಸೆನ್ಸ್ ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಇಟ್ಟಿರುತ್ತಾರೆ. ನೀವೇ ವಿಳಾಸ ಹಾಕಿ ಅಲ್ಲಿಗೆ ಹೋಗಿ. ಕಂಪನಿಯ ಪೂರ್ತಿ ಹೆಸರು ಹುಡುಕಿ. ಬ್ರಾಂಡಿನ ಹೆಸರು ಒಂದಿದ್ದು ಕಂಪನಿಯ ಹೆಸರು ಬೇರೆ ಇರುವುದು ಸಾಮಾನ್ಯ, ಅದರಲ್ಲಿ ತಪ್ಪೇನಿಲ್ಲ. ಆದರೆ ನೀವು ಆಡುತ್ತಿರುವ ಡೊಮೇನ್ ಆ ಕಂಪನಿಯ ಹೆಸರಿನ ಕೆಳಗೆ ಇದೆಯಾ ನೋಡಿ. ಲೈಸೆನ್ಸ್ ಚಾಲ್ತಿಯಲ್ಲಿದೆಯೋ, ಅಮಾನತಾಗಿದೆಯೋ, ಕಂಪನಿಯೇ ಒಪ್ಪಿಸಿಬಿಟ್ಟಿದೆಯೋ ಅನ್ನುವುದೂ ಅಲ್ಲಿರುತ್ತದೆ. ಯಾವ ಬಗೆಯ ಆಟಕ್ಕೆ ಲೈಸೆನ್ಸ್ ಅನ್ನುವುದನ್ನೂ ಓದಿ. ಬರೀ ಬೆಟ್ಟಿಂಗಿಗೆ ಪಡೆದ ಲೈಸೆನ್ಸ್ ತೋರಿಸಿ ಪೋಕರ್ ನಡೆಸುತ್ತಿದ್ದರೆ ಅದು ಲೈಸೆನ್ಸ್ ಇಲ್ಲದಂತೆಯೇ.

ಹೊಂದಿಕೆಯಾಗದಿದ್ದರೆ ಇನ್ನೊಂದು ರೂಪಾಯಿ ಹಾಕಬೇಡಿ. ಈಗಾಗಲೇ ದುಡ್ಡು ಇದ್ದರೆ ವಿತ್‌ಡ್ರಾ ಕೋರಿಕೆ ಹಾಕಿ, ಕೋರಿದ ದಿನ ಮತ್ತು ಮೊತ್ತ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ವ್ಯವಹಾರದ ದಾಖಲೆ ಇಳಿಸಿಕೊಳ್ಳಿ. "ದುಡ್ಡು ಬಿಡಿಸಲು ಮೊದಲು ತೆರಿಗೆ ಕಟ್ಟಿ" ಅಂತ ಸೈಟಿನವರು ಕೇಳಿದರೆ ಅದು ವಂಚನೆ, ಕಟ್ಟಬೇಡಿ. ಭಾರತದಲ್ಲಿ ಇರುವವರು ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ಹಣ ವಂಚನೆಯ ದೂರಿಗೆ ಇರುವ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ದುಡ್ಡು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ.